ಗ್ರಹಬಲವೂ ಭಿನ್ನಮತದ ವಿಜ್ಞಾನಿಯೂ

ರೂಢಮತವನ್ನು ಒಪ್ಪದೆ ತನ್ನದೇ ಹಾದಿ ಹಿಡಿದ ವಿಜ್ಞಾನಿಯ ಜಾತಕದಲ್ಲಿ ಅಂಥದೊಂದು ಗ್ರಹಯೋಗವಿದ್ದೇ ಇರಬೇಕೆಂಬುದು ಫಲಜ್ಯೋತಿಷದಲ್ಲಿ ಶ್ರದ್ಧೆಯುಳ್ಳವರ ವಾದ. ನಮ್ಮ ಜ್ಯೋತಿಷಿಗಳು ಬುದ್ಧಿಗೆ ಬುಧನನ್ನೂ ಸಂಪ್ರದಾಯಭಂಗಕ್ಕೆ ರಾಹುವನ್ನೂ ಕಾರಣವಾಗಿ ಹೇಳುವುದುಂಟು. ಪಾಶ್ಚಾತ್ಯರು ಬಂಡಾಯದ ಅಧಿಕಾರವನ್ನು ಯುರೇನಸ್ಸಿಗೆ ವಹಿಸಿದ್ದಾರೆ. ಆ ಗ್ರಹ ಬೆಳಕಿಗೆ ಬಂದುದೇ 1781ರಲ್ಲಿ. ಕಣ್ಣಿಗೆ ಬೀಳದಿದ್ದರೂ ಮೊದಲೂ ಅದು ಅಲ್ಲಿತ್ತಷ್ಟೆ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಆದರೆ ಸ್ವತಃ ಜಾತಕ ಬರೆಯುತ್ತಿದ್ದ ಗೆಲಿಲಿಯೊ ಅದಿಲ್ಲದೆಯೇ ಬರೆದನು.

ಈ ವಾದಕ್ಕೆ ಒರೆಗಲ್ಲಾಗಬಲ್ಲ ಒಬ್ಬ ವಿಜ್ಞಾನಿ ಮುಂಬಯಿಯಲ್ಲಿಯೇ ಬಹುಕಾಲ ದುಡಿದವರು. 1938ರಲ್ಲಿ ಕೊಲ್ಹಾಪುರದಲ್ಲಿ ಜನಿಸಿದ ಜಯಂತ ನಾರ್ಳೀಕರರು ಕೇಂಬ್ರಿಜ್ಜಿನಲ್ಲಿ ಫ್ರೆಡ್ ಹಾಯ್ಲ್‌ರ ಶಿಷ್ಯರಾಗಿ, 1972ರಿಂದ 1989ರವರೆಗೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ವಿಶ್ವಕ್ಕೆ ಆದಿಯಿಲ್ಲ, ಅದು ಹಿಗ್ಗಿದಂತೆಲ್ಲ ಹೊಸ ದ್ರವ್ಯವು ಹುಟ್ಟಿ ಅದರ ಸಾಂದ್ರತೆಯನ್ನು ಸ್ಥಿರವಾಗಿಡುತ್ತದೆ ಎಂಬುದು ಗುರುಶಿಷ್ಯರ ಪಕ್ಷ. 1965ರಲ್ಲಿ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಸೂಕ್ಷ್ಮತರಂಗ ವಿಕಿರಣವು ಪತ್ತೆಯಾದ ಮೇಲೆ ಖಗೋಲಜ್ಞರಲ್ಲಿ ಬಹುತೇಕರು ಮಹಾಸ್ಫೋಟವಾದದತ್ತ ವಾಲಿದರು. ನಾರ್ಳೀಕರರು ವಾಲಲಿಲ್ಲ. 1993ರಲ್ಲಿ ಹಾಯ್ಲ್ ಮತ್ತು ಬರ್ಬಿಜ್‌ರೊಡನೆ ಸೇರಿ ಹಳೆಯ ಸಿದ್ಧಾಂತವನ್ನು ತಿದ್ದಿ ಮತ್ತೆ ಮಂಡಿಸಿದರು. ಅದಕ್ಕೂ ಮನ್ನಣೆ ದೊರೆತುದು ಅತ್ಯಲ್ಪ.

ಇಂಥ ಭಿನ್ನಮತೀಯರು ಜ್ಯೋತಿಷವೆಂಬ ಮತ್ತೊಂದು ಬಹಿಷ್ಕೃತ ಶಾಸ್ತ್ರದ ವಿಷಯದಲ್ಲಿ ಸಹಾನುಭೂತಿ ತೋರಬೇಕಾಗಿತ್ತಲ್ಲವೇ? ಅವರು ತೋರಿದ್ದು ಸಹಾನುಭೂತಿಯನ್ನಲ್ಲ, ಪರೀಕ್ಷೆಯನ್ನು. ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, 2013ರಲ್ಲಿ ಪುಣೆಯಲ್ಲಿ ಕೊಲೆಗೀಡಾದ ನರೇಂದ್ರ ದಾಭೋಲಕರ, ಜ್ಯೋತಿಷವನ್ನು ಬಲ್ಲ ಪ್ರಕಾಶ ಘಾಟಪಾಂಡೆ ಇವರೊಡಗೂಡಿ, 2008ರಲ್ಲಿ 100 ಮಂದಿ ಪ್ರತಿಭಾವಂತ ವಿದ್ಯಾರ್ಥಿಗಳ ಮತ್ತು 100 ಮಂದಿ ಬುದ್ಧಿಮಾಂದ್ಯವುಳ್ಳ ಮಕ್ಕಳ ಜಾತಕಗಳನ್ನು ಸಂಗ್ರಹಿಸಿ, ಗುರುತು ತಿಳಿಯದಂತೆ ಬೆರೆಸಿ, ಪ್ರತಿಯೊಬ್ಬ ಜ್ಯೋತಿಷಿಗೂ 40ನ್ನು ಕಳುಹಿಸಿದರು. ಯಾವ ಜಾತಕ ಯಾವ ಗುಂಪಿನದೆಂದು ಹೇಳಿದರೆ ಸಾಕಾಗಿತ್ತು. 51 ಮಂದಿ ಮುಂದೆ ಬಂದರು. ಉತ್ತರ ಕಳುಹಿಸಿದವರು 27. ಎಲ್ಲರಿಗಿಂತ ಹೆಚ್ಚು ಸರಿಯುತ್ತರ ಕೊಟ್ಟವರದು 24. ಎಲ್ಲರ ಸರಾಸರಿ ಅರ್ಧಕ್ಕಿಂತ ಕಡಿಮೆ. 200 ಜಾತಕಗಳನ್ನೂ ನೋಡಿದ ಒಂದು ಸಂಸ್ಥೆಗೆ ಸರಿಯಾಗಿ ಬಂದುವು 102. ನಾಣ್ಯವನ್ನು 40 ಸಲ ಚಿಮ್ಮಿದರೆ ಹೇಳಿದ ಮುಖವು ಸುಮಾರು 20 ಸಲ ಬೀಳುತ್ತದೆ. 27 ಮಂದಿ ಹಾಗೆ ಚಿಮ್ಮಿದಲ್ಲಿ ಯಾರೋ ಒಬ್ಬರಿಗೆ 24 ಬೀಳುವುದು ಸೋಜಿಗವಲ್ಲ. ವಿವರಗಳು 2009ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದುವು.

ಸೋಲುವ ಸಾಧ್ಯತೆಗೆ ತನ್ನನ್ನು ತಾನು ಒಡ್ಡಿಕೊಂಡ ಸಿದ್ಧಾಂತವನ್ನು ಹಿಡಿದು, ಆ ಸೋಲಿನ ಪೆಟ್ಟನ್ನು ಜೀವಮಾನವಿಡೀ ಉಂಡವರು ಜ್ಯೋತಿಷಿಗಳನ್ನೂ ಅದೇ ಕಣಕ್ಕೆ ಕರೆದರೆಂಬುದು ಇಲ್ಲಿ ಗಮನಾರ್ಹ. 2025ರ ಮೇ 20ರಂದು ಅವರು ತೀರಿಕೊಂಡರು.

ಆದರೂ ಪರೀಕ್ಷೆ ಅಳೆದುದು ಬುದ್ಧಿಶಕ್ತಿಯನ್ನೇ ಹೊರತು ಭಿನ್ನಮತವನ್ನಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಭಿನ್ನಮತವನ್ನು ಅಳೆಯಬೇಕಾದರೆ ಅಂಥ ವಿಜ್ಞಾನಿಗಳ ನಿಖರವಾದ ಜನ್ಮಕಾಲಗಳು ಬೇಕು. ಮುಂಬಯಿಯ ಮಟ್ಟಿಗೆ ತೊಡಕು ಇಲ್ಲಿಂದಲೇ ಆರಂಭ. 1906ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲಮಾನ ಜಾರಿಗೆ ಬಂದರೂ ಈ ನಗರವು 39 ನಿಮಿಷ ಹಿಂದಿದ್ದ ತನ್ನ 'ಮುಂಬಯಿ ಕಾಲ'ವನ್ನು 1955ರವರೆಗೂ ಬಿಡಲಿಲ್ಲ. ಎರಡು ಗಡಿಯಾರಗಳೂ ಒಟ್ಟಿಗೆ ನಡೆದುವು. ಸಾಲದುದಕ್ಕೆ ಯುದ್ಧಕಾಲದಲ್ಲಿ, 1942ರಿಂದ 1945ರವರೆಗೆ, ದೇಶದ ಗಡಿಯಾರವನ್ನೇ ಒಂದು ತಾಸು ಮುಂದಕ್ಕೆ ತಿರುಗಿಸಲಾಗಿತ್ತು. ಲಗ್ನವು ಸುಮಾರು ನಾಲ್ಕು ನಿಮಿಷಕ್ಕೊಂದು ಅಂಶದಂತೆ ಸರಿಯುವುದರಿಂದ 39 ನಿಮಿಷಗಳಲ್ಲಿ ಅದು ರಾಶಿಯ ಮೂರನೆಯ ಒಂದು ಭಾಗದಷ್ಟು ಚಲಿಸುತ್ತದೆ. ನವಾಂಶವಂತೂ ಮೂರರಷ್ಟು ಮುಂದೆ ಹೋಗಿರುತ್ತದೆ. ನಾರ್ಳೀಕರರು ದುಡಿದ ಆ ಸಂಸ್ಥೆಯನ್ನು ಕಟ್ಟಿದ ಹೋಮಿ ಭಾಭಾ 1909ರ ಅಕ್ಟೋಬರ್ 30ರಂದು ಹುಟ್ಟಿದ್ದು ಇದೇ ಊರಿನಲ್ಲಿ. ಅವರ ಜಾತಕ ಬರೆಯಹೊರಟ ಜ್ಯೋತಿಷಿ ಗ್ರಹಗಳನ್ನು ಕೇಳುವ ಮೊದಲು, ಆ ದಿನ ಆ ಮನೆಯ ಗಡಿಯಾರ ಯಾವ ಕಾಲವನ್ನು ತೋರಿಸುತ್ತಿತ್ತೆಂದು ಕೇಳಬೇಕಾಗುತ್ತದೆ.