ಹಳೆಯ ಪುಸ್ತಕಕ್ಕೆ ಯಾವ ಆವೃತ್ತಿ?

2017ರಲ್ಲಿ ಅಚ್ಚಾದ ಮಷೀನ್ ಲರ್ನಿಂಗ್ ಪುಸ್ತಕವೊಂದನ್ನು ಇಂದು ಗ್ರಂಥಾಲಯದಿಂದ ತಂದು, ಟೆನ್ಸರ್‌ಫ್ಲೋ ಎಂಬ ಸಾಫ್ಟ್‌ವೇರ್ ಲೈಬ್ರರಿ ಬಳಸುವ ಅದರ ಪ್ರೋಗ್ರಾಮನ್ನು ಒಂದಕ್ಷರವೂ ಬಿಡದಂತೆ ಟೈಪ್ ಮಾಡಿ ನೋಡಿ. ‘ಸೆಷನ್’ ಎಂಬುದೇ ನನ್ನಲ್ಲಿಲ್ಲ ಎಂದು ಕಂಪ್ಯೂಟರ್ ಕೈಚೆಲ್ಲುತ್ತದೆ. ಲೇಖಕರು ತಪ್ಪು ಬರೆದಿಲ್ಲ, ನಿಮ್ಮ ಬೆರಳೂ ಜಾರಿಲ್ಲ. ಮೊದಲು ಲೆಕ್ಕದ ನಕ್ಷೆಯನ್ನು ಪೂರ್ತಿ ಕಟ್ಟಿ, ಆಮೇಲೆ ಸೆಷನ್ ತೆರೆದು ಅದನ್ನು ಓಡಿಸುವುದು ಅಂದಿನ ಕ್ರಮವಾಗಿತ್ತು. 2019ರ ಸೆಪ್ಟೆಂಬರಿನಲ್ಲಿ ಬಂದ ಟೆನ್ಸರ್‌ಫ್ಲೋ 2.0 ಆ ಕ್ರಮವನ್ನು ಕೈಬಿಟ್ಟು, ಬರೆದ ಸಾಲನ್ನು ಬರೆದ ಹಾಗೆಯೇ ನಡೆಸತೊಡಗಿತು.

ಹಳೆಯ ಆವೃತ್ತಿಯನ್ನೇ ಹಾಕಿಕೊಂಡರಾಯಿತಲ್ಲ ಎನ್ನಬಹುದು. ತೊಡಕು ಶುರುವಾಗುವುದೇ ಅಲ್ಲಿ. ಹಳೆಯ ಸರಣಿಯ ಟೆನ್ಸರ್‌ಫ್ಲೋ 1.15ರ ಸಿದ್ಧ ಕಡತಗಳಿರುವುದು ಪೈಥಾನ್ ಭಾಷೆಯ 3.7ನೇ ಆವೃತ್ತಿಯವರೆಗೆ ಮಾತ್ರ. ಹೊಸ ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಅದನ್ನು ಕೇಳಿದರೆ, ಅಂಥದ್ದೊಂದು ಆವೃತ್ತಿ ಜಗತ್ತಿನಲ್ಲೇ ಇಲ್ಲವೇನೋ ಎಂಬಂಥ ಉತ್ತರ ಬರುತ್ತದೆ. ಸರಿ, ಪೈಥಾನ್ 3.7 ಹಾಕಿದಿರಿ. ಈಗ ಪ್ರೋಟೊಬಫ್ ಎಂಬ ಇನ್ನೊಂದು ಲೈಬ್ರರಿ ತಕರಾರು ತೆಗೆಯುತ್ತದೆ. ‘ಪ್ರೋಟೊಬಫ್ 3.6.1 ಅಥವಾ ಅದಕ್ಕಿಂತ ಹೊಸದು ಬೇಕು’ ಎಂದಷ್ಟೇ ಟೆನ್ಸರ್‌ಫ್ಲೋ ಬರೆದಿಟ್ಟಿತ್ತು. ಎಲ್ಲಿಯವರೆಗಿನ ಹೊಸದು ಎಂದು ಹೇಳಿರಲಿಲ್ಲ. 2022ರಲ್ಲಿ ಪ್ರೋಟೊಬಫ್ ಒಳಗಿನ ರಚನೆ ಬದಲಿಸಿಕೊಂಡಿತು, ಹಳೆಯ ಟೆನ್ಸರ್‌ಫ್ಲೋಗೆ ಅದು ಹೊಂದದಂತಾಯಿತು. ಮುಂದೆ ಏನಾಗಲಿದೆ ಎಂಬುದು 2019ರಲ್ಲಿ ಷರತ್ತು ಬರೆದವರಿಗೆ ಹೇಗೆ ಗೊತ್ತಿರಬೇಕು?

ಹೀಗೆ ಪ್ರತಿ ಲೈಬ್ರರಿಗೂ ಅದರದೇ ಷರತ್ತುಗಳು. ಜಾತಕ ಕೂಡಿಸುವವರ ಮುಂದೆ ಎರಡೇ ಜಾತಕಗಳಿರುತ್ತವೆ. ಇಲ್ಲಿ ಎಲ್ಲರದೂ ಎಲ್ಲರೊಂದಿಗೂ ಕೂಡಬೇಕು. ಹತ್ತು ಲೈಬ್ರರಿಗಳಿಗೆ ತಲಾ 20 ಆವೃತ್ತಿಗಳಿದ್ದರೆ ಹತ್ತು ಲಕ್ಷ ಕೋಟಿಗೂ ಹೆಚ್ಚು ಜೋಡಣೆಗಳಾಗುತ್ತವೆ. ಇದಕ್ಕೆ ಎಲ್ಲ ಸಂದರ್ಭದಲ್ಲೂ ಬೇಗನೆ ಉತ್ತರ ಕೊಡುವ ವಿಧಾನ ಗಣಕ ವಿಜ್ಞಾನಿಗಳಿಗೆ ಇನ್ನೂ ಸಿಕ್ಕಿಲ್ಲ. ಲೈಬ್ರರಿಗಳನ್ನು ಹಾಕಿಕೊಡುವ ಪೈಥಾನಿನ ‘ಪಿಪ್’ ಸಾಧನ ಈ ಷರತ್ತುಗಳನ್ನೆಲ್ಲ ಒಟ್ಟಿಗೆ ನೋಡಿ ಜೋಡಿಸಲು ಕಲಿತದ್ದೇ 2020ರ ಕೊನೆಗೆ.

ಓದುಗನ ಕೈಯಲ್ಲಿ ಮಾತ್ರ ಒಂದು ಒಳ್ಳೆಯ ಸುಳಿವಿದೆ: ಪುಸ್ತಕ ಅಚ್ಚಾದ ವರ್ಷ. ಯಾರೂ ಓದದ ಆ ಹಕ್ಕುಸ್ವಾಮ್ಯದ ಪುಟವನ್ನು ಮೊದಲು ತೆರೆಯಿರಿ. ಪೈಥಾನ್ ಲೈಬ್ರರಿಗಳ ಭಂಡಾರವಾದ ‘ಪೈಪಿಐ’ಯಲ್ಲಿ ಪ್ರತಿ ಆವೃತ್ತಿಯ ಎದುರಿಗೂ ಬಿಡುಗಡೆಯ ತಾರೀಕು ಇರುತ್ತದೆ. ಪುಸ್ತಕ ಅಚ್ಚಿಗೆ ಹೋಗುವ ಕೆಲವು ತಿಂಗಳು ಮೊದಲು ಯಾವುದು ಚಾಲ್ತಿಯಲ್ಲಿತ್ತೋ ಅದನ್ನು ಹಿಡಿಯಿರಿ. ಲೇಖಕರು ಪ್ರೋಗ್ರಾಮುಗಳ ಜೊತೆಗೆ ಆವೃತ್ತಿಗಳ ಪಟ್ಟಿಯ ಕಡತವನ್ನೂ ಇಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ‘ಯುವಿ’ ಎಂಬ ಈಚಿನ ಸಾಧನಕ್ಕಂತೂ ‘ಈ ತಾರೀಕಿನ ನಂತರದ್ದನ್ನು ಪರಿಗಣಿಸಬೇಡ’ ಎಂದು ನೇರವಾಗಿ ಹೇಳಬಹುದು. ಇದನ್ನೆಲ್ಲ ಪ್ರತ್ಯೇಕ ‘ವರ್ಚುವಲ್ ಎನ್ವಿರಾನ್‌ಮೆಂಟ್’ ಒಳಗೆ ಮಾಡಿದರೆ ನಿಮ್ಮ ಉಳಿದ ಕೆಲಸಗಳಿಗೆ ಧಕ್ಕೆಯಿಲ್ಲ.

ಕೆಂಪು ಅಕ್ಷರದ ಎರರ್ ಬಂದರೆ ಹೆದರುವಂಥದ್ದೇನಿಲ್ಲ. ನಮ್ಮ ಕಾಲೇಜುಗಳ ಟರ್ಬೊ ಸಿ++ ಕಾಲದ ಪುಸ್ತಕ ಇಂದಿನ ಕಂಪೈಲರಿನಲ್ಲಿ ಮೊದಲ ಸಾಲಿಗೇ ನಿಂತುಬಿಡುತ್ತದೆ, ದೋಷ ಕಣ್ಣಿಗೆ ಬೀಳುತ್ತದೆ. ನನಗೆ ಭಯವಿರುವುದು ಸದ್ದಿಲ್ಲದ ತಪ್ಪುಗಳದು. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ ಉತ್ತರ 3, ಪೈಥಾನ್ 3ರಲ್ಲಿ 3.5. ‘ಪ್ರಿಂಟ್’ ಬರೆಯುವ ರೀತಿ ಬದಲಾದದ್ದನ್ನು ಕಂಪ್ಯೂಟರ್ ಕೂಗಿ ಹೇಳುತ್ತದೆ, ಭಾಗಾಕಾರದ ಅರ್ಥ ಬದಲಾದದ್ದನ್ನು ಹೇಳುವುದಿಲ್ಲ. ಪ್ರೋಗ್ರಾಂ ಸರಾಗವಾಗಿ ಓಡಿ ಬೇರೆಯದೇ ಉತ್ತರ ಕೊಡುತ್ತದೆ. ಆದ್ದರಿಂದ ಪುಸ್ತಕದಲ್ಲಿ ಅಚ್ಚಾದ ಫಲಿತಾಂಶದೊಂದಿಗೆ ನಿಮ್ಮದನ್ನು ಪ್ರತಿ ಅಧ್ಯಾಯದಲ್ಲೂ ಹೋಲಿಸಿ ನೋಡಬೇಕು.

ಹಳೆಯ ಆವೃತ್ತಿ ಕಲಿಕೆಗಷ್ಟೇ ಇರಲಿ. ಪೈಥಾನ್ 2ಕ್ಕೆ 2020ರ ಜನವರಿ 1ರಿಂದ, 3.7ಕ್ಕೆ 2023ರಿಂದ ಭದ್ರತಾ ದುರಸ್ತಿಗಳು ನಿಂತಿವೆ. ಜಾಲತಾಣ ನಡೆಸಲು ಅವು ತಕ್ಕವಲ್ಲ. ಅಲ್ಗಾರಿದಂ, ಸಂಖ್ಯಾಶಾಸ್ತ್ರದಂಥ ವಿಷಯದ ಪುಸ್ತಕವಾದರೆ ಹಳೆಯ ಆವೃತ್ತಿ ಹುಡುಕುವ ಶ್ರಮ ಸಾರ್ಥಕ. ಟೆನ್ಸರ್‌ಫ್ಲೋದಂಥ ಸಾಧನವೊಂದನ್ನೇ ಕಲಿಸುವ ಪುಸ್ತಕವಾದರೆ ಹೊಸ ಮುದ್ರಣ ಕೊಳ್ಳುವುದೇ ಮೇಲು.