ಫಲಕೊಡುವ ಜೀವಿತ

ಗೃಹಿಣಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಬರೆದಿದ್ದಾಳೆ: "ಅಮ್ಮಾ, ಆದಿತ್ಯವಾರದ ಶಾಲೆ, ಸ್ತ್ರೀಯರ ಸಭೆ, ರೋಗಿಗಳ ಭೇಟಿ ಯಾವದನ್ನೂ ತಪ್ಪಿಸುವದಿಲ್ಲ. ಆದರೂ ಮನಸ್ಸು ಒಣಗಿದೆ." ಈ ಪ್ರಶ್ನೆ ಅವಳೊಬ್ಬಳದಲ್ಲವಾದಕಾರಣ ಇಲ್ಲಿ ಬರೆಯುತ್ತೇನೆ.

ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಶರೀರದ ವಿಷಯವಾಗಿ 'ಕರ್ಮಗಳು' ಎಂದು ಬಹುವಚನವನ್ನೂ, ಆತ್ಮನ ವಿಷಯವಾಗಿ 'ಫಲ' ಎಂದು ಏಕವಚನವನ್ನೂ ಪ್ರಯೋಗಿಸಿದ್ದಾನೆ. ಪ್ರೀತಿ ಮೊದಲ್ಗೊಂಡು ಶಮೆದಮೆಯ ವರೆಗೆ ಹೇಳಿದ ಗುಣಗಳು ಒಂಭತ್ತು. ಆದರೆ ಗೊಂಚಲು ಒಂದೇ. ಕೆಲಸವನ್ನು ನಾವು ಮಾಡಬಹುದು. ಫಲವನ್ನು ಮಾಡಲಾಗದು, ಅದು ಬಳ್ಳಿಯಿಂದ ಬರತಕ್ಕದ್ದು.

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಕರ್ತನು ದ್ರಾಕ್ಷೇಬಳ್ಳಿಯ ದೃಷ್ಟಾಂತವನ್ನು ಹೇಳಿದ್ದು ಯಾಕೆಂಬದು ವಿಜಯಪುರದ ಕಡೆಯ ತೋಟಗಳನ್ನು ಕಂಡವರಿಗೆ ಬೇಗ ತಿಳಿಯುವದು. ಅಲ್ಲಿ ವರುಷಕ್ಕೆ ಎರಡಾವರ್ತಿ ಚಾಟನಿ ಮಾಡುತ್ತಾರೆ: ಎಪ್ರಿಲಿನ ಸುಮಾರಿಗೆ ಕಡ್ಡಿ ಬಲಿಯುವದಕ್ಕಾಗಿ, ಅಕ್ಟೋಬರಿನ ಸುಮಾರಿಗೆ ಗೊಂಚಲು ಬರುವದಕ್ಕಾಗಿ. ಕತ್ತರಿ ಕಾಣದ ಬಳ್ಳಿಯು ಎಲೆಗಳಿಂದ ತುಂಬಿ ಬಹು ಸೊಗಸಾಗಿ ತೋರುವದು. ಹಣ್ಣು ಮಾತ್ರ ಸ್ವಲ್ಪ. ಆ ಅಧ್ಯಾಯದ ಗ್ರೀಕ್ ಮೂಲದಲ್ಲಿ 'ಸವರು' ಎಂಬ ಕ್ರಿಯಾಪದಕ್ಕೆ 'ಶುದ್ಧಮಾಡು' ಎಂಬರ್ಥವೂ ಉಂಟು.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅದು ಪುಣೆಗೆ ಬಂದ ಬಳಿಕ, 1893ರಲ್ಲಿ, ಮತಾಂತರದ ಶಂಕೆಯಿಂದ ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಸಲಹೆಗಾರರಾಗಿದ್ದ ಗಣ್ಯರೂ ಕೈಬಿಟ್ಟರು. ಮುಂದೆ 1896-97ರ ಕ್ಷಾಮದಲ್ಲಿ ನೂರಾರು ಹೆಣ್ಣುಮಕ್ಕಳು ಅವರಿಂದ ಆಶ್ರಯ ಹೊಂದಿದರು. ಆ ನಷ್ಟವೇ ಇದಕ್ಕೆ ಕಾರಣವೆಂದು ನಾನು ಹೇಳಲಾರೆನು. ಸವರಿದ ಕೊಂಬೆಯು ಸತ್ತಿರಲಿಲ್ಲವೆಂದು ಮಾತ್ರ ಹೇಳಬಲ್ಲೆನು.

ನನ್ನದನ್ನೂ ಮರೆಮಾಡಬಾರದು. ಪರೀಕ್ಷೆಯ ಫಲಿತಾಂಶವೇ ನಮ್ಮ ಫಲವೆಂದು ಎಣಿಸಿದ ವರುಷಗಳಿದ್ದವು. ಲೆಕ್ಕದಲ್ಲಿ ಹಿಂದೆಬಿದ್ದ ಒಬ್ಬ ಹುಡುಗಿಗೆ ಒಂದು ದಿನ ತರಗತಿಯ ಮುಂದೆ ಆಡಬಾರದ ಮಾತನ್ನಾಡಿದೆನು. ಆ ಸಂಜೆ ಪ್ರಾರ್ಥನೆಗೆ ಬಾಯಿ ಬರಲಿಲ್ಲ. ಮರುದಿನ ಅವಳ ಮನೆಗೆ ಹೋಗಿ ತಾಯಿತಂದೆಗಳೆದುರಿಗೆ ಕ್ಷಮೆ ಬೇಡಿದೆನು. ಮುಖ್ಯೋಪಾಧ್ಯಾಯಿನಿಯ ಮಾನಕ್ಕೆ ಅದು ಕಷ್ಟವೇ ಆಗಿತ್ತು. ಅವಳು ಆ ವರುಷವೂ ಲೆಕ್ಕದಲ್ಲಿ ತೇರ್ಗಡೆಯಾಗಲಿಲ್ಲ. ನನ್ನ ನಾಲಿಗೆಯಾದರೋ ಸ್ವಲ್ಪ ಸಾವಧಾನವನ್ನು ಕಲಿತಿತು.

ಆದಕಾರಣ ಪತ್ರ ಬರೆದವಳಿಗೆ ಹೊಸದೊಂದು ಸೇವೆಯನ್ನು ನಾನು ಸೂಚಿಸಲಿಲ್ಲ. ಇರುವವುಗಳಲ್ಲಿ ಒಂದನ್ನು ಬಿಟ್ಟು, ಆ ಹೊತ್ತಿನಲ್ಲಿ ವೇದಪುಸ್ತಕವನ್ನು ತೆರೆದು ಕರ್ತನ ಸನ್ನಿಧಿಯಲ್ಲಿ ಸುಮ್ಮನೆ ಕೂತಿರು. ಮಾತು ಬಿಟ್ಟಿರುವ ನೆರೆಯವರ ಮನೆಗೆ ಮೊದಲು ನೀನೇ ಹೋಗು ಎಂದು ಬರೆದೆನು. ನೆರೆಮನೆಗೆ ಹೋಗಿ ಬಂದೆನೆಂದು ಉತ್ತರ ಬಂದಿದೆ. ಯಾವ ಕೆಲಸವನ್ನು ಬಿಡಬೇಕೆಂಬದು ಇನ್ನೂ ಯೋಚನೆಯಲ್ಲಿದೆಯಂತೆ.