ಗಜದ ಮೇಲಿನ ಗೆರೆ

ಹಲಗಲಿ ಬೇಡರ ಲಾವಣಿಯನ್ನು ಪಾಠ ಹೇಳಲು ತೊಡಗಿ ನನಗೆ ಹದಿನೆಂಟು ವರ್ಷಗಳಾದವು. 1857ರಲ್ಲಿ ಕುಂಪಣಿ ಸರಕಾರವು ಹತಾರಗಳನ್ನು ಒಪ್ಪಿಸಬೇಕೆಂದು ಕಾನೂನು ಮಾಡಿದ್ದು, ಮುಧೋಳ ಸಂಸ್ಥಾನದ ಆ ಸಣ್ಣ ಹಳ್ಳಿ ಒಪ್ಪದೆ ನಿಂತದ್ದು, ನವೆಂಬರದ ಕೊನೆಗೆ ದಂಡು ಬಂದು ಊರಿನ ಮೇಲೆ ಬಿದ್ದದ್ದು, ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲುಗಂಬಗಳೆದ್ದದ್ದು, ಮುಂದೆ ಫ್ಲೀಟ್ ಸಾಹೇಬರು ಆ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು, ಎಲ್ಲವೂ ನನಗೆ ಬಾಯಿಪಾಠ. ಆದರೆ ಹೋದ ವರ್ಷ ಬಾಗಲಕೋಟೆಯ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, “ಸರ್, ಆ ಬಂದೂಕಿಗೆ ಗುಂಡು ಹ್ಯಾಂಗ ತುಂಬತಿದ್ದರು?” ಎಂದು ಕೇಳಿದಾಗ ನಾನು ತಬ್ಬಿಬ್ಬಾದೆ. ಬಾದಾಮಿಗೆ ಪ್ರವಾಸ ಹೋದಾಗ ಕಪ್ಪೆ ಅರಭಟ್ಟನ ಶಾಸನದೆದುರು ಮಕ್ಕಳನ್ನು ಒಂದು ಗಂಟೆ ನಿಲ್ಲಿಸುವವನು ನಾನು. ಅದೇ ಊರಿನ ಕೋಟೆಯ ಹಳೆಯ ತೋಪಿನ ಬಾಯಲ್ಲಿ ಎಂದೂ ಇಣಿಕಿದವನಲ್ಲ.

ಇಳಕಲ್ಲಿನ ನನ್ನ ಹಳೆಯ ಶಿಷ್ಯನೊಬ್ಬ ಈಗ ಅಮೇರಿಕೆಯಲ್ಲಿದ್ದಾನೆ. ಅಲ್ಲಿ ರೈಫಲ್ಲಿನ ತೋಟಾಗಳನ್ನು ಮನೆಯಲ್ಲಿಯೇ ಕೈಯಿಂದ ಜೋಡಿಸುವುದು ಅವನ ಹವ್ಯಾಸ. ನಮ್ಮಲ್ಲಾದರೆ 1959ರ ಆಯುಧ ಕಾಯಿದೆ ಪರವಾನಗಿಯಿಲ್ಲದೆ ಅದಕ್ಕೆ ಎಡೆಗೊಡದು. ರಜೆಗೆ ಬಂದಿದ್ದ ಅವನನ್ನು ಕರೆದುಕೊಂಡು ಹುನಗುಂದದ ಕಡೆಯ ಒಬ್ಬ ಹಿರಿಯ ರೈತರ ಮನೆಗೆ ಹೋದೆ. ಹಂದಿಗಳಿಂದ ಬೆಳೆ ಕಾಯಲು ಅವರಲ್ಲಿ ತಲೆಮಾರಿನಿಂದ ಬಂದ ಲೈಸೆನ್ಸಿನ ಬಂದೂಕಿದೆ. ಬಾಯಿಯಿಂದ ಮದ್ದು ತುಂಬುವ ಬಗೆಯದು.

ಚುನಾವಣೆಯ ಕಾಲ, ಬಂದೂಕು ಠಾಣೆಗೆ ಹೋಗಿತ್ತು. ಬಾಗಿಲ ಹಿಂದಿನಿಂದ ಅವರು ತೆಗೆದದ್ದು ಬರಿಯ ಒಂದು ಕಬ್ಬಿಣದ ಸರಳು. “ಇದು ಗಜ” ಎಂದರು. ನಮ್ಮ ವಿದ್ಯಾರ್ಥಿಗಳಿಗೆ ಗಜವೆಂದರೆ ಆನೆ. ಜವಳಿ ಅಂಗಡಿಯಲ್ಲಿ ಮೂರು ಅಡಿ. ಇದು ನಳಿಗೆಯೊಳಗೆ ಮದ್ದನ್ನೂ ಗುಂಡನ್ನೂ ಜಡಿಯುವ ಗಜ.

ಅದರ ಮೇಲೆ ಅರದಿಂದ ಕೊರೆದ ಎರಡು ಗೆರೆಗಳಿದ್ದವು. ಬರಿದಾದ ನಳಿಗೆಯಲ್ಲಿ ಗಜವನ್ನು ಬಿಟ್ಟರೆ ಮೇಲಿನ ಗೆರೆ ನಳಿಗೆಯ ಬಾಯಿಗೆ ಸಮನಾಗುತ್ತದೆ. ಅಳತೆಯ ಮದ್ದು ಹಾಕಿ, ಗುಂಡನ್ನು ಅದರ ಮೇಲೆ ಒತ್ತಿ ಕೂರಿಸಿದಾಗ ಕೆಳಗಿನ ಗೆರೆ ಬಾಯಿಗೆ ಬರುತ್ತದೆ. ಎರಡು ಗೆರೆಗಳ ನಡುವಿನ ಅಂತರವೇ ತುಂಬಿದ ಸರಕು. ಕೆಳಗಿನ ಗೆರೆ ಬಾಯಿಂದ ಒಂದು ಬೆರಳು ಮೇಲೆ ನಿಂತಿತೆನ್ನಿ, ಗುಂಡು ನಡುದಾರಿಯಲ್ಲಿ ಸಿಕ್ಕಿಕೊಂಡಿದೆ. ಮದ್ದಿಗೂ ಗುಂಡಿಗೂ ನಡುವೆ ಹೀಗೆ ಬಯಲುಳಿದರೆ ನಳಿಗೆಯೇ ಒಡೆಯಬಹುದು. ಇನ್ನೂ ಮೇಲೆ ನಿಂತಿತೆ? ಒಳಗೆ ಮೊದಲೇ ಒಂದು ಸರಕು ಕೂತಿದೆ.

“ನಮ್ಮಣ್ಣ ಗೆರಿ ನೋಡಲಿಲ್ರಿ” ಎಂದರು. ಮುಚ್ಚಂಜೆ, ಶೇಂಗಾ ಹೊಲದಲ್ಲಿ ಹಂದಿ, ಅವಸರ. ತುಂಬಿದ್ದ ಬಂದೂಕನ್ನೇ ಮತ್ತೊಮ್ಮೆ ತುಂಬಿದ. ಎಡಗಣ್ಣು ಹೋಯಿತು, ಎರಡು ಬೆರಳು ಹೋದವು. ಇವರಿಗೆ ಆಗ ಒಂಬತ್ತು ವರ್ಷ. ಅಣ್ಣನ ಕೈಗೆ ಅರಿವೆ ಸುತ್ತಿ ಗಾಡಿ ಹೂಡಿದ್ದು ನೆನಪಿದೆ.

ಅಷ್ಟು ಹೊತ್ತು ಸುಮ್ಮನಿದ್ದ ನನ್ನ ಶಿಷ್ಯ ಆ ಗಜವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಅವನ ತೋಟಾದಲ್ಲಿ ಗುಂಡು ಹಿತ್ತಾಳೆಯ ಕೊಳವೆಯ ಬಾಯಲ್ಲಿ ಕೂರುತ್ತದೆ. ಅತಿಯಾಗಿ ಆಳಕ್ಕೆ ಕೂತರೆ ಒಳಗಿನ ಜಾಗ ಕಿರಿದಾಗಿ ಒತ್ತಡವೇರುತ್ತದೆ. ಹೊರಗೆ ಉಳಿದು ನಳಿಗೆಯ ಸುತ್ತುಗೆರೆಗಳಿಗೆ ತಾಗಿ ನಿಂತರೂ ಒತ್ತಡವೇರುತ್ತದೆ. ಆದ್ದರಿಂದ ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯಬೇಕು. ಅದೂ ಗುಂಡಿನ ತುದಿಯಿಂದ ಅಳೆದರೆ ಸಾಲದು. ತುದಿಗಳು ಒಂದರಂತೆ ಒಂದಿರುವುದಿಲ್ಲ. ಗುಂಡಿನ ಬಾಗು ಸುತ್ತುಗೆರೆಗೆ ತಾಗುವ ಎಡೆಯಿಂದ ತೋಟಾದ ಬುಡದವರೆಗೆ ಕ್ಯಾಲಿಪರ್ ಹಿಡಿಯಬೇಕು.

“ನಳಿಗಿ ಒಳಗಿನ ಗೆರಿ ಎಲ್ಲಿ ಸುರು ಆಗತಾವಂತ ಹ್ಯಾಂಗ ತಿಳಿಯತೈತಿ?” ಎಂದು ಹಿರಿಯರು ಕೇಳಿದರು. ಬಲು ಸೂಕ್ಷ್ಮವಾದ ಪ್ರಶ್ನೆ; ನನಗೆ ಹೊಳೆದಿರಲಿಲ್ಲ.

ಶಿಷ್ಯ ನಾಚಿಕೊಂಡವನಂತೆ ಉತ್ತರಿಸಿದ. ಬೆಲೆಬಾಳುವ ಉಪಕರಣಗಳಿವೆ, ಆದರೆ ಹಳೆಯ ದಾರಿ ಬೇರೆ. ಬರಿದಾದ ರೈಫಲ್ಲಿನ ಬೋಲ್ಟು ಮುಚ್ಚಿ, ಬಾಯಿಂದ ಒಂದು ಸರಳನ್ನಿಳಿಸಿ, ಅದು ಬೋಲ್ಟಿಗೆ ತಾಗಿದಾಗ ಬಾಯಿಯ ಮಟ್ಟಕ್ಕೆ ಸರಳಿನ ಮೇಲೆ ಒಂದು ಗೆರೆ. ಬೋಲ್ಟು ತೆಗೆದು, ಬಿಡಿ ಗುಂಡೊಂದನ್ನು ಹಿಂದಿನಿಂದ ಸುತ್ತುಗೆರೆಗೆ ತಾಗಿಸಿ ಹಿಡಿದು, ಸರಳನ್ನು ಅದರ ತುದಿಗೆ ಮುಟ್ಟಿಸಿ ಇನ್ನೊಂದು ಗೆರೆ. ಎರಡರ ನಡುವಿನ ಉದ್ದ ಆ ಗುಂಡಿನ ತೋಟಾಕ್ಕೆ ಮೇರೆ.

ಹಿರಿಯರು ತೊಡೆ ತಟ್ಟಿಕೊಂಡು ನಕ್ಕರು.

ಲಾವಣಿಕಾರ ಇದನ್ನೇಕೆ ಹಾಡಲಿಲ್ಲವೆಂದು ನನಗೀಗ ತಿಳಿಯುತ್ತದೆ. ಅವನ ಮುಂದೆ ಕೂತವರಿಗೆಲ್ಲ ಗಜವೂ ಗೆರೆಯೂ ಗೊತ್ತಿದ್ದವು. ಕೇಳುಗನಿಗೆ ಗೊತ್ತಿದ್ದುದನ್ನು ಕವಿ ಬಿಡುತ್ತಾನೆ. ನೂರು ವರ್ಷದ ಮೇಲೆ ಅರ್ಥ ಹೇಳುವವನು ಅಲ್ಲಿಯೇ ಎಡವುತ್ತಾನೆ. ಕುದುರೆದಂಡು ಊರ ಬಾಗಿಲಿಗೆ ಬಂದಿರುವಾಗ ಮದ್ದು ಸುರಿದು, ಗುಂಡಿಟ್ಟು, ಗಜ ಜಡಿದು, ಹೊಗೆಯಲ್ಲಿ ಆ ಗೆರೆಯನ್ನು ಹುಡುಕಿದ ಕಣ್ಣುಗಳನ್ನು ನಾನು ತರಗತಿಗೆ ತಂದಿರಲೇ ಇಲ್ಲ.

ಹೊರಡುವಾಗ ಕೇಳಿದೆ: “ಬಂದೂಕು ಒಪ್ಪಿಸಿದಿರಿ, ಗಜ ಯಾಕ ಇಟಗೊಂಡ್ರಿ?”

“ಅಲ್ಲಿ ಎಲ್ಲಾರ ಬಂದೂಕೂ ಒಂದ ಕಡೆ ಇಡತಾರ್ರಿ. ಗಜ ಅದಲಿಬದಲಿ ಆದರ?” ಎಂದು ಅವರು ಅದನ್ನು ಮತ್ತೆ ಬಾಗಿಲ ಹಿಂದೆ ನಿಲ್ಲಿಸಿದರು.